ಯಾರು ಹೇಳಿದ್ದು, ಎಲ್ಲಿ ಹೇಳಿದ್ದು?

ಓದುಗರ ಪ್ರಶ್ನೆ, ನಿವೃತ್ತ ಗ್ರಂಥಪಾಲಕಿಯ ಉತ್ತರ

ಸಾಗರದ ಒಂದು ಪದವಿ ಕಾಲೇಜಿನ ಲೈಬ್ರರಿಯಲ್ಲಿ 31 ವರ್ಷ ಕಳೆದವಳು ನಾನು. ‘ಮಾಹಿತಿ ಸಾಕ್ಷರತೆ ಕಲಿಸುವ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ’ ಎಂದು ಸಂಪಾದಕರು ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಹಾಕಿದ್ದರು. ಅಷ್ಟಕ್ಕೇ ಒಂದು ಚೀಲ ಪತ್ರ ಬಂದಿದೆ. ಒಬ್ಬರು ‘ಹಾಗಂದರೆ ಏನು?’ ಎಂದಷ್ಟೇ ಬರೆದಿದ್ದಾರೆ. ಅವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಬೇಕಾದ ವಿಷಯ ಹುಡುಕಲು ಬರಬೇಕು, ಸಿಕ್ಕಿದ್ದು ನಂಬುವಂಥದ್ದೋ ಅಲ್ಲವೋ ನೋಡಲು ಬರಬೇಕು, ಎಲ್ಲಿಂದ ತಂದೆ ಎಂದು ಮುಚ್ಚಿಡದೆ ಹೇಳಲು ಬರಬೇಕು. ಇಷ್ಟೇ. ಇಂಗ್ಲಿಷಿನಲ್ಲಿ ಈ ಪದವನ್ನು 1974ರಲ್ಲಿ ಮೊದಲು ಬಳಸಿದವರು ಪಾಲ್ ಜುರ್ಕೋವ್ಸ್ಕಿ ಎಂಬ ಅಮೆರಿಕದವರು. ಕನ್ನಡದಲ್ಲಿ ಅದು ‘ಮಾಹಿತಿ ಸಾಕ್ಷರತೆ’ ಆಯಿತು. ಕೇಳಿದರೆ ಸರ್ಕಾರಿ ಫೈಲಿನ ವಾಸನೆ ಬರುತ್ತದೆ, ಏನು ಮಾಡುವುದು!

ನಮ್ಮ ಹೆಡ್‌ಮಾಸ್ಟರು ಒಂಬತ್ತನೇ ತರಗತಿಗೆ ‘ಸುಳ್ಳು ಸುದ್ದಿ’ ಬಗ್ಗೆ ಒಂದು ಪೀರಿಯಡ್ ತಗೊಳ್ಳಿ ಅಂದಿದ್ದಾರೆ. 52 ಮಕ್ಕಳು. ಕಂಪ್ಯೂಟರ್ ರೂಮಿನಲ್ಲಿ ಎರಡು ಮಾತ್ರ ಆನ್ ಆಗುತ್ತವೆ, ನೆಟ್ ಇಲ್ಲ. ಏನು ಮಾಡಲಿ ಮೇಡಂ?
– ಪ್ರೌಢಶಾಲಾ ಶಿಕ್ಷಕಿ, ಹೊನ್ನಾಳಿ ತಾಲ್ಲೂಕು

ಕಂಪ್ಯೂಟರ್ ರೂಮಿನ ಬೀಗ ತೆಗೆಯಲೇ ಬೇಡಿ. ಬೋರ್ಡಿನ ಮೇಲೆ ‘ಕಾಯಕವೇ ಕೈಲಾಸ’ ಎಂದು ಬರೆದು, ಯಾರು ಹೇಳಿದ್ದು ಎಂದು ಕೇಳಿ. 52 ಕೈಗಳೂ ಮೇಲೇಳುತ್ತವೆ. ಬಸವಣ್ಣ! ಸರಿ, ಯಾವ ವಚನದಲ್ಲಿ ಎಂದು ಕೇಳಿ. ಎದ್ದ ಕೈಗಳು ಮೆಲ್ಲಗೆ ಇಳಿಯುತ್ತವೆ. ಬಿ.ಎ. ತರಗತಿಯಲ್ಲಿ ಮಾಡಿದಾಗಲೂ ಹೀಗೇ ಆಯಿತು. ಮೇಷ್ಟ್ರುಗಳ ತರಬೇತಿಯಲ್ಲಿ ಮಾಡಿದಾಗಲೂ ಹೀಗೇ ಆಯಿತು. ಅಲ್ಲಿ ಕೈ ಇಳಿಸಲು ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಂಡರು, ಅಷ್ಟೇ.

ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕೊನೆಯಲ್ಲಿ ‘ಅಮರೇಶ್ವರಲಿಂಗ’ ಎಂದು ಅವನ ಅಂಕಿತ ಇದೆ. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕನದು ಚೆನ್ನಮಲ್ಲಿಕಾರ್ಜುನ, ಅಲ್ಲಮನದು ಗುಹೇಶ್ವರ. ಮಕ್ಕಳಿಗೆ ಇದೆಲ್ಲ ಬಾಯಿಪಾಠ ಇರುತ್ತದೆ, ಪರೀಕ್ಷೆಗೆ ಬರುತ್ತಲ್ವಾ. ಆದರೆ ಅಂಕಿತ ನೋಡಿ ಮಾತಿನ ಒಡೆಯನನ್ನು ಹುಡುಕಬಹುದು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ವಾಟ್ಸಾಪಿನಲ್ಲಿ ಬರುವ ‘ಬಸವಣ್ಣನ ವಚನ’ಗಳಲ್ಲಿ ಅಂಕಿತವೇ ಇರುವುದಿಲ್ಲ, ಕೆಳಗೆ ಒಂದು ಗುಲಾಬಿ ಹೂವು ಇರುತ್ತದೆ. ಅದನ್ನು ಮಕ್ಕಳೇ ಹಿಡಿಯಲಿ.

ಒಬ್ಬ ಜಾಣ ಹುಡುಗ ಎದ್ದು ನಿಲ್ಲುತ್ತಾನೆ. ‘ಮಿಸ್, ಅಂಕಿತವನ್ನೂ ನಾವೇ ಸೇರಿಸಿಬಿಟ್ರೆ?’ ಆ ಹುಡುಗನಿಗೆ ಚಾಕೊಲೇಟ್ ಕೊಡಿ. ‘ಸರ್ವಜ್ಞ’ ಎಂದು ಕೊನೆಗೆ ಸೇರಿಸಿದರೆ ಯಾವ ಮೂರು ಸಾಲು ಬೇಕಾದರೂ ತ್ರಿಪದಿಯಾಗಿ ಊರು ಸುತ್ತುತ್ತದೆ. ಆದ್ದರಿಂದ ಎರಡನೇ ಪ್ರಶ್ನೆ: ಯಾವ ಪುಸ್ತಕದಲ್ಲಿದೆ? ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳು 15 ಇವೆ. ತಾಲ್ಲೂಕಿನ ಲೈಬ್ರರಿಯಲ್ಲಿ ವಿಚಾರಿಸಿ. ನಿಮ್ಮ ಫೋನಿನಲ್ಲಿ ‘ವಚನ ಸಂಚಯ’ ಜಾಲತಾಣ ತೆರೆದು ಒಂದು ಪದ ಹಾಕಿದರೆ ಅದಿರುವ ವಚನಗಳೆಲ್ಲ ಸಾಲಾಗಿ ಬರುತ್ತವೆ. ಇಪ್ಪತ್ತು ಸಾವಿರಕ್ಕೂ ಜಾಸ್ತಿ ವಚನಗಳಿವೆ ಅದರಲ್ಲಿ.

ಸಮಯ ಉಳಿದರೆ ಇನ್ನೊಂದು ಆಟ. ಮೊದಲ ಮಳೆ ಬಿತ್ತು ಎಂದರೆ ಸಾಕು, ಜೋಗ ತುಂಬಿ ಧುಮುಕುವ ವಿಡಿಯೊ ಎಲ್ಲರ ಫೋನಿಗೂ ಬರುತ್ತದೆ. ‘ಇಂದಿನ ದೃಶ್ಯ’ ಎಂದು ಮೇಲೆ ಬರೆದಿರುತ್ತದೆ. ನಿಜವೋ ಸುಳ್ಳೋ ತಿಳಿಯಲು ಯಾವ ಆ್ಯಪೂ ಬೇಡ. ಜೋಗದ ಮೇಲ್ಭಾಗದಲ್ಲಿರುವ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1,819 ಅಡಿ. ಇವತ್ತು ನೀರು ಎಷ್ಟಿದೆ ಎಂದು ಮಳೆಗಾಲದಲ್ಲಿ ಪೇಪರಿನಲ್ಲಿ ಬರುತ್ತದೆ. ಇನ್ನೂ ನಲವತ್ತು ಐವತ್ತು ಅಡಿ ಕಡಿಮೆ ಇದ್ದರೆ ಗೇಟು ತೆರೆದಿಲ್ಲ ಎಂದೇ ಅರ್ಥ. ಗೇಟು ತೆರೆಯದೆ ಜೋಗ ಹಾಗೆ ಭೋರ್ಗರೆಯುವುದಿಲ್ಲ. ಒಂದು ಪೇಪರು, ಒಂದು ಕಳೆಯುವ ಲೆಕ್ಕ, ಆಟ ಮುಗಿಯಿತು. ನಿಮ್ಮ ಕಡೆ ಜೋಗದ ಬದಲು ಭದ್ರಾ ಡ್ಯಾಂ ಇಟ್ಟುಕೊಳ್ಳಿ.

ಮನೆಗೆಲಸ ಕೊಡುವುದಾದರೆ ಇದನ್ನು ಕೊಡಿ: ‘ಅಡಿಕೆ ಧಾರಣೆ ಎಷ್ಟು ಅಂತ ಅಪ್ಪ ಯಾರ ಯಾರ ಹತ್ತಿರ ಕೇಳ್ತಾರೆ, ಬರೆದುಕೊಂಡು ಬಾ.’ ನಮ್ಮ ಪಕ್ಕದ ಮನೆಯ ಹೆಗಡೆಯವರು ಪೇಪರು ನೋಡುತ್ತಾರೆ, ಸೊಸೈಟಿಗೆ ಫೋನ್ ಮಾಡುತ್ತಾರೆ, ಮಂಡಿಯವನನ್ನು ಕೇಳುತ್ತಾರೆ, ಆಮೇಲೆ ಶಿರಸಿಯ ಭಾವನಿಗೂ ಒಂದು ಫೋನ್. ರಾಶಿಗೆ ಒಂದು ರೇಟು, ಚಾಲಿಗೆ ಒಂದು, ಕೆಂಪುಗೋಟಿಗೆ ಇನ್ನೊಂದು. ಮನೆ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ ರೇಟನ್ನು ಅವರು ಒಂದೇ ಒಂದು ಸಲವೂ ಸುಮ್ನೆ ಒಪ್ಪಿಕೊಂಡಿದ್ದನ್ನು ನಾನು ಕಂಡಿಲ್ಲ. ಅದೇ ಹೆಗಡೆಯವರು ಸಕ್ಕರೆ ಕಾಯಿಲೆಗೆ ಯಾವುದೋ ಎಲೆಯ ಕಷಾಯ ಎಂದು ಬಂದದ್ದನ್ನು ಓದಿ ಮುಗಿಸುವ ಮೊದಲೇ ಫಾರ್ವರ್ಡ್ ಮಾಡುತ್ತಾರೆ. ದುಡ್ಡಿನ ವಿಷಯದಲ್ಲಿ ಇರುವ ಬುದ್ಧಿ ಬೇರೆ ಕಡೆ ಯಾಕೆ ಬರುವುದಿಲ್ಲ ಎಂದು ಮಕ್ಕಳೇ ಚರ್ಚೆ ಮಾಡಲಿ. ನನಗಂತೂ ಪೂರ್ತಿ ಉತ್ತರ ಸಿಕ್ಕಿಲ್ಲ.

ಪದವಿ ಮೊದಲ ವರ್ಷದವರಿಗೆ ವೆಬ್‌ಸೈಟ್ ಪರೀಕ್ಷಿಸಲು ಐದು ಅಂಶಗಳ ಪಟ್ಟಿ ಪ್ರಿಂಟ್ ಮಾಡಿ ಕೊಡುತ್ತೇನೆ. ಎಲ್ಲದಕ್ಕೂ ಟಿಕ್ ಹಾಕುತ್ತಾರೆ. ಆದರೂ ಕಸವನ್ನೇ ತರುತ್ತಾರೆ. ತಪ್ಪು ಎಲ್ಲಿದೆ?
– ಸಹಾಯಕ ಪ್ರಾಧ್ಯಾಪಕರು, ದಾವಣಗೆರೆ

ಸರ್, ತಪ್ಪು ಪಟ್ಟಿಯಲ್ಲೇ ಇದೆ. ನಾನೂ ವರ್ಷಗಟ್ಟಲೆ ಅದನ್ನೇ ಹಂಚಿದವಳು. ಲ್ಯಾಮಿನೇಷನ್ ಮಾಡಿಸಿ ಗೋಡೆಗೂ ಹೊಡೆಸಿದ್ದೆ. ಹೊಸದೇ, ನಮ್ಮ ವಿಷಯಕ್ಕೆ ಸಂಬಂಧಪಟ್ಟಿದೆಯೇ, ಬರೆದವರು ಯಾರು, ಸರಿಯಾಗಿದೆಯೇ, ಉದ್ದೇಶವೇನು. ಈ ಐದು ಪ್ರಶ್ನೆಗಳ ಪಟ್ಟಿ ಕ್ಯಾಲಿಫೋರ್ನಿಯಾದ ಚಿಕೊ ಎಂಬ ಊರಿನ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ 2004ರಲ್ಲಿ ಹುಟ್ಟಿ ಲೋಕವೆಲ್ಲ ತಿರುಗಿತು. ಅದರ ತೊಂದರೆ ಏನು ಗೊತ್ತಾ? ಆ ಪುಟ ನಂಬುವಂಥದ್ದೇ ಎಂದು ಆ ಪುಟವನ್ನೇ ಕೇಳಿಸುತ್ತದೆ. ಕಳ್ಳನ ಹತ್ತಿರವೇ ಕ್ಯಾರೆಕ್ಟರ್ ಸರ್ಟಿಫಿಕೇಟ್ ಬರೆಸಿಕೊಂಡ ಹಾಗೆ.

ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿದ್ದರು. 10 ಜನ ಇತಿಹಾಸಕಾರರು, 10 ಜನ ಸುದ್ದಿಮನೆಗಳಲ್ಲಿ ಸತ್ಯಾಂಶ ಪರಿಶೀಲಿಸುವವರು, 25 ಜನ ವಿದ್ಯಾರ್ಥಿಗಳು. ಮಕ್ಕಳ ವೈದ್ಯರ ಎರಡು ಸಂಘಗಳ ಜಾಲತಾಣ ತೋರಿಸಿ ಯಾವುದು ಹೆಚ್ಚು ನಂಬುವಂಥದ್ದು ಎಂದು ಕೇಳಿದರು. ಒಂದು 1930ರಿಂದ ಇರುವ ದೊಡ್ಡ ಸಂಘ, ಇನ್ನೊಂದು 2002ರಲ್ಲಿ ಅದರಿಂದ ಸಿಡಿದು ಹೋದ ಸಣ್ಣ ಗುಂಪು. ಪಿಎಚ್.ಡಿ. ಮಾಡಿದ ಇತಿಹಾಸಕಾರರೂ ಎಡವಿದರು. ಅವರು ಪುಟವನ್ನು ಮೇಲಿಂದ ಕೆಳಗೆ ಗಮನವಿಟ್ಟು ಓದಿದರು, ಲೋಗೊ ನೋಡಿದರು, ಅಡಿಟಿಪ್ಪಣಿ ನೋಡಿದರು. ಸತ್ಯಾಂಶ ಪರಿಶೀಲಿಸುವವರು ಆ ಪುಟದಲ್ಲಿ ನಿಲ್ಲಲೇ ಇಲ್ಲ. ಪಕ್ಕದಲ್ಲಿ ಹೊಸ ಕಿಟಕಿ ತೆರೆದು, ‘ಈ ಸಂಘದ ಬಗ್ಗೆ ಬೇರೆಯವರು ಏನನ್ನುತ್ತಾರೆ?’ ಎಂದು ನೋಡಿದರು. ಬೇಗ ಮುಗಿಸಿದರು, ಸರಿಯಾಗಿಯೂ ಹೇಳಿದರು.

ಇದನ್ನು ಓದಿದ ದಿನ ನನಗೆ ನಗು ಬಂತು. ನಮ್ಮ ಕಡೆ ಮದುವೆ ಸಂಬಂಧ ವಿಚಾರಿಸುವುದು ಹೀಗೇ ಅಲ್ವಾ? ಹುಡುಗನ ಬಯೋಡಾಟಾದಲ್ಲಿ ‘ಒಳ್ಳೆಯ ಸ್ವಭಾವ’ ಎಂದು ಬರೆದಿರುತ್ತದೆ. ಅದನ್ನು ಹತ್ತು ಸಲ ಓದಿ, ಅಕ್ಷರ ಚೆನ್ನಾಗಿದೆ ಎಂದು ಹೆಣ್ಣು ಕೊಡುವವರಿದ್ದಾರಾ? ಆ ಊರಲ್ಲಿ ನಮ್ಮವರು ಯಾರಿದ್ದಾರೆ, ಪಕ್ಕದ ಮನೆಯವರು ಏನನ್ನುತ್ತಾರೆ, ಆಫೀಸಿನಲ್ಲಿ ಹೇಗಂತೆ ಎಂದು ನಾಲ್ಕು ಕಡೆ ಕಿವಿ ಹಾಕುತ್ತೇವೆ. ತರಗತಿಯಲ್ಲಿ ಈ ಮಾತು ಹೇಳಿ ನೋಡಿ ಸರ್. ಪಟ್ಟಿ ಮರೆತುಹೋಗುತ್ತದೆ, ಇದು ಮರೆಯುವುದಿಲ್ಲ. ಆಮೇಲೆ ಒಂದು ನಿಯಮ ಹಾಕಿ: ಯಾವ ವೆಬ್‌ಸೈಟ್ ತಂದರೂ, ಅದರ ಬಗ್ಗೆ ಬೇರೆ ಎರಡು ಕಡೆ ಏನು ಬರೆದಿದ್ದಾರೆ ಎಂದು ಎರಡು ಸಾಲು ಬರೆಯಬೇಕು. ಟಿಕ್ ಬೇಡ, ಸಾಲು ಬೇಕು.

ನನ್ನ ಆ ಲ್ಯಾಮಿನೇಷನ್ ಪಟ್ಟಿ ಈಗ ಮನೆಯಲ್ಲಿ ಒಗ್ಗರಣೆ ಡಬ್ಬಿಯ ಕೆಳಗಿದೆ. ಎಣ್ಣೆ ಒರೆಸಲು ಅನುಕೂಲ.

ಅಸೈನ್‌ಮೆಂಟಿಗೆ ಗೂಗಲ್‌ನಲ್ಲಿ ಮೇಲೆ ಚೌಕದೊಳಗೆ ಬರುವ ಉತ್ತರವನ್ನೇ ಬರೆಯಬಹುದಾ ಆಂಟಿ? ಟೈಮ್ ಇಲ್ಲ.
– ಪಿಯು ವಿದ್ಯಾರ್ಥಿ, ಹಾಸನ

2021ರ ಜೂನ್ ನೆನಪಿದೆಯಾ ತಮ್ಮಾ? ನೀನು ಆಗ ಚಿಕ್ಕವನು. ಭಾರತದ ಅತ್ಯಂತ ಕೊಳಕು ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಅದೇ ಚೌಕದೊಳಗೆ ‘ಕನ್ನಡ’ ಎಂದು ಬರುತ್ತಿತ್ತು. ರಾಜ್ಯವೆಲ್ಲ ಕೆರಳಿತು. ನೋಟಿಸ್ ಕೊಡುತ್ತೇವೆ ಎಂದು ಸರ್ಕಾರ ಹೇಳಿತು. ಗೂಗಲ್ ಅದನ್ನು ತೆಗೆದುಹಾಕಿ ಕ್ಷಮೆ ಕೇಳಿತು.

ನನಗೂ ಸಿಟ್ಟು ಬಂದಿತ್ತು. ಆದರೆ ಲೈಬ್ರರಿಯವಳಿಗೆ ಸಿಟ್ಟಿನ ಜೊತೆ ಕುತೂಹಲವೂ ಇರುತ್ತದೆ. ಗೂಗಲ್‌ನಲ್ಲಿ ಕೂತು ಯಾರೋ ಕನ್ನಡವನ್ನು ಬೈದಿರಲಿಲ್ಲ. ಯಾವುದೋ ಬೇರೆ ವ್ಯಾಪಾರದ, ತಲೆಬುಡವಿಲ್ಲದ ಒಂದು ಜಾಲತಾಣದಲ್ಲಿ ಆ ಸಾಲಿತ್ತು. ಕೇಳಿದ ಪ್ರಶ್ನೆಯ ಪದಗಳಿಗೆ ಹೊಂದುವ ಸಾಲನ್ನು ಯಂತ್ರ ಎತ್ತಿ ಮೇಲೆ ಇಟ್ಟಿತು. ಆ ಪ್ರಶ್ನೆಗೆ ಉತ್ತರವೇ ಇಲ್ಲ ಎಂದು ಹೇಳಲು ಅದಕ್ಕೆ ಬರುವುದಿಲ್ಲ. ನಮ್ಮ ಭಾಷೆಯ ವಿಷಯ ಆದ್ದರಿಂದ ನಮಗೆ ಗೊತ್ತಾಯಿತು. ನಿನ್ನ ಅಸೈನ್‌ಮೆಂಟಿನ ವಿಷಯದಲ್ಲಿ ಅದೇ ಚೌಕ ತಪ್ಪು ಹೇಳಿದರೆ ನಿನಗೆ ಗೊತ್ತಾಗುತ್ತದಾ?

ಚೌಕದ ಕೆಳಗೆ ಲಿಂಕ್ ಇರುತ್ತದೆ. ಒತ್ತು. ಯಾರ ಪುಟ ಎಂದು ನೋಡು. ಅರ್ಧ ನಿಮಿಷದ ಕೆಲಸ. ಟೈಮ್ ಇಲ್ಲ ಎಂದು ನನಗೆ ಪತ್ರ ಬರೆಯಲು ಟೈಮ್ ಇತ್ತಲ್ಲ!

ವಿಕಿಪೀಡಿಯ ನೋಡಬೇಡಿ ಎಂದು ನಮ್ಮ ಲೆಕ್ಚರರ್ ಬೈತಾರೆ. ಸರಿಯಾ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಚಿಕ್ಕಮಗಳೂರು

ನೋಡು ಮಗಳೇ, ಆದರೆ ಕೆಳಗಿನಿಂದ ಮೇಲಕ್ಕೆ ನೋಡು. ಪುಟದ ಕೊನೆಯಲ್ಲಿರುವ ಉಲ್ಲೇಖಗಳಿಗೆ ಹೋಗಿ ಮೂಲ ಓದು, ಅಸೈನ್‌ಮೆಂಟಿನಲ್ಲಿ ಆ ಮೂಲದ ಹೆಸರು ಬರೆ. ಮೂಲವೇ ಇಲ್ಲದ ಸಾಲನ್ನು ಬಿಟ್ಟುಬಿಡು. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಅದರಲ್ಲಿ ಒಳ್ಳೆಯ ಪುಟವೂ ಇದೆ, ಎರಡು ಸಾಲು ಬರೆದು ಕೈಬಿಟ್ಟ ಪುಟವೂ ಇದೆ. ನಿಮ್ಮ ಲೆಕ್ಚರರ್ ಬೈಯುವುದು ಬಹುಶಃ ಹಾಗೇ ನಕಲು ಹೊಡೆದು ಕೊಟ್ಟವರನ್ನು ಕಂಡು. ಅದಕ್ಕೆ ನಾನೂ ಬೈದಿದ್ದೇನೆ. ಒಬ್ಬಳು ಪುಟ ತಿದ್ದುವವರು ಒತ್ತಲೆಂದು ಇರುವ ‘ಸಂಪಾದಿಸಿ’ ಎಂಬ ಪದವನ್ನೂ ಸೇರಿಸಿ ಬರೆದು ತಂದಿದ್ದಳು, ಪ್ರತಿ ಉಪಶೀರ್ಷಿಕೆಯ ಪಕ್ಕದಲ್ಲಿ.

ಮಗಳು ಎಂ.ಎ. ಓದುತ್ತಿದ್ದಾಳೆ. ಪ್ರಾಜೆಕ್ಟ್ ಎಲ್ಲ ಚಾಟ್‌ಜಿಪಿಟಿ ಕೈಯಲ್ಲೇ. ಕೊನೆಯಲ್ಲಿ ಹತ್ತು ಪುಸ್ತಕಗಳ ಹೆಸರನ್ನೂ ಅದೇ ಕೊಡುತ್ತದೆ. ಅವನ್ನು ಓದಿದ್ದೀಯಾ ಎಂದರೆ ಸಿಟ್ಟು ಮಾಡುತ್ತಾಳೆ. ನಾನು ಹೇಳುವುದು ತಪ್ಪಾ?
– ತಂದೆ, ಶಿಕಾರಿಪುರ

ತಪ್ಪಿಲ್ಲ. ನಿವೃತ್ತಿಯ ನಂತರವೂ ಹಳೇ ಹುಡುಗರು ನನಗೆ ಫೋನ್ ಮಾಡುತ್ತಾರೆ. ಎರಡು ವರ್ಷದ ಕೆಳಗೆ ಒಬ್ಬ ಒಂದು ಪುಸ್ತಕ ಬೇಕೇ ಬೇಕು ಎಂದ. ಮಲೆನಾಡಿನ ಜಾನಪದದ ಮೇಲೆ. ಲೇಖಕರ ಹೆಸರು ನಿಜ, ನನಗೆ ಪರಿಚಯದವರೇ. ಪ್ರಕಾಶನದ ಹೆಸರು ನಿಜ. ವರ್ಷವೂ ಹೊಂದುತ್ತಿತ್ತು. ನಾನು ಮೂರು ಲೈಬ್ರರಿಯ ಕ್ಯಾಟಲಾಗ್ ಹುಡುಕಿದೆ. ಸಿಗಲಿಲ್ಲ. ನನಗೇ ನಾಚಿಕೆಯಾಯಿತು, 31 ವರ್ಷ ಕೆಲಸ ಮಾಡಿ ಒಂದು ಪುಸ್ತಕ ಹುಡುಕಲು ಬರಲಿಲ್ಲವಲ್ಲ ಎಂದು. ಕೊನೆಗೆ ಲೇಖಕರಿಗೇ ಫೋನ್ ಮಾಡಿದೆ. ಅವರು ಜೋರಾಗಿ ನಕ್ಕು, ‘ಆ ಪುಸ್ತಕ ಸಿಕ್ಕಿದ್ರೆ ನನಗೂ ಒಂದು ಪ್ರತಿ ಕಳ್ಸಿ, ನಾನಿನ್ನೂ ಬರೆದಿಲ್ಲ’ ಎಂದರು.

ಆ ಯಂತ್ರ ಕಪಾಟಿನಿಂದ ಪುಸ್ತಕ ತೆಗೆದು ಕೊಡುವುದಿಲ್ಲ. ಯಾವ ಪದದ ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಎಂದು ನೋಡಿ ಜೋಡಿಸುತ್ತದೆ. ಅದಕ್ಕೇ ಹೆಸರುಗಳು ಅಷ್ಟು ಚೆನ್ನಾಗಿ ಹೊಂದುವುದು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಹೀಗೇ ಚಾಟ್‌ಜಿಪಿಟಿ ಕೊಟ್ಟ, ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಹಾಕಿ 5,000 ಡಾಲರ್ ದಂಡ ಕಟ್ಟಿದರು. ಅಷ್ಟು ದೂರ ಯಾಕೆ, 2025ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳ ಉಲ್ಲೇಖ ಇದ್ದುದನ್ನು ನಮ್ಮ ಹೈಕೋರ್ಟೇ ಗಂಭೀರವಾಗಿ ತೆಗೆದುಕೊಂಡಿತು.

ಮಗಳ ಹತ್ತಿರ ಜಗಳ ಬೇಡ. ಹತ್ತು ಪುಸ್ತಕಗಳಲ್ಲಿ ಒಂದನ್ನು ನೀವೇ ಆರಿಸಿ, ‘ಇದು ಯಾವ ಲೈಬ್ರರಿಯಲ್ಲಿದೆ ತೋರಿಸು, ಪುಟ ಎಷ್ಟು ಹೇಳು’ ಎನ್ನಿ. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದಲ್ಲಿ ಹುಡುಕಲಿ, ವಿಶ್ವವಿದ್ಯಾಲಯದ ಕ್ಯಾಟಲಾಗಿನಲ್ಲಿ ಹುಡುಕಲಿ. ಪ್ರಬಂಧ ಎಂದಿದ್ದರೆ ಪಿಎಚ್.ಡಿ. ಪ್ರಬಂಧಗಳನ್ನು ಹಾಕಿಡುವ ಶೋಧಗಂಗಾ ಜಾಲತಾಣದಲ್ಲಿ ನೋಡಲಿ. ಸಿಕ್ಕರೆ ಒಳ್ಳೆಯದೇ, ಓದಲಿ. ಸಿಗದಿದ್ದರೆ ಅವಳಿಗೇ ಬೆವರು ಬರುತ್ತದೆ. ವಾಕ್ಯ ತಿದ್ದಿಸಿಕೊಳ್ಳಲು, ಇಂಗ್ಲಿಷ್ ಲೇಖನದ ತಿರುಳು ತಿಳಿಯಲು ಅದನ್ನು ಬಳಸಿದರೆ ನನಗೆ ತಕರಾರಿಲ್ಲ. ನನ್ನ ಸೊಸೆ ಅದರಿಂದ ಸೊಸೈಟಿಗೆ ಅರ್ಜಿ ಬರೆಸುತ್ತಾಳೆ, ಚೆನ್ನಾಗೇ ಬರೆಯುತ್ತದೆ.

ನಾನು ಕನ್ನಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಕೃತಿಚೌರ್ಯ ತಪಾಸಣೆಯಲ್ಲಿ ಶೇ 2 ಬಂದಿದೆ. ಇನ್ನು ನಿಶ್ಚಿಂತೆ ಅಲ್ಲವೇ? ಒಂದು ಜರ್ನಲಿನವರು ಮೂರು ದಿನದಲ್ಲಿ ಲೇಖನ ಹಾಕುತ್ತೇವೆ, 1,500 ರೂಪಾಯಿ ಕಳಿಸಿ ಎಂದಿದ್ದಾರೆ. ಕಳಿಸಲಾ?
– ಹೆಸರು, ಊರು ಬೇಡ

ಮೊದಲು ಎರಡನೆಯದು. ಕಳಿಸಬೇಡಿ. ಮೂರು ದಿನದಲ್ಲಿ ನಿಮ್ಮ ಲೇಖನವನ್ನು ಇಬ್ಬರು ತಿಳಿದವರು ಓದಿ ಅಭಿಪ್ರಾಯ ಬರೆಯಲು ಸಾಧ್ಯವಾ? ಅವರು ಓದುವುದು ನಿಮ್ಮ ಯುಪಿಐ ರಸೀದಿ ಮಾತ್ರ. ‘ಐಎಸ್‌ಎಸ್‌ಎನ್ ಇದೆ’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಅದು ಬರೀ ಗುರುತಿನ ಸಂಖ್ಯೆ. ಬೈಕಿಗೆ ನಂಬರ್ ಪ್ಲೇಟ್ ಇದ್ದ ಮಾತ್ರಕ್ಕೆ ಓಡಿಸುವವನಿಗೆ ಲೈಸೆನ್ಸ್ ಇದೆ ಎಂದಲ್ಲ. ಇನ್ನು ಕೆಲವರು ಹಳೆಯ ಒಳ್ಳೆಯ ಜರ್ನಲಿನ ಹೆಸರನ್ನೇ ಕದ್ದು ನಕಲಿ ಜಾಲತಾಣ ಮಾಡಿರುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ಒಳ್ಳೆಯ ಜರ್ನಲ್‌ಗಳ ‘ಕೇರ್’ ಪಟ್ಟಿ ತಂದಿತ್ತು, 2025ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಿತು. ಈಗ ಒಳ್ಳೆಯದು ಯಾವುದು ಎಂದು ಸಂಸ್ಥೆಗಳೇ, ನಿಮ್ಮಂಥವರೇ ತೂಗಿ ನೋಡಬೇಕು. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬರಿಗೆ ಇಮೇಲ್ ಮಾಡಿ, ‘ಸರ್, ನೀವು ನಿಜವಾಗಿ ಇದರಲ್ಲಿದ್ದೀರಾ?’ ಎಂದು ಕೇಳಿ. ತಮ್ಮ ಹೆಸರು ಅಲ್ಲಿರುವುದೇ ಗೊತ್ತಿಲ್ಲದವರು ಎಷ್ಟೋ ಜನ.

ಈಗ ಶೇ 2ರ ವಿಷಯ. ಯುಜಿಸಿಯ 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ. ಶೇ 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, ಶೇ 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ, ಶೇ 60 ದಾಟಿದರೆ ನೋಂದಣಿಯೇ ರದ್ದು. ಸತತವಾಗಿ 14 ಪದಗಳವರೆಗಿನ ಸಾಮಾನ್ಯ ಹೋಲಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದೆಲ್ಲ ನಿಮಗೆ ಗೊತ್ತೇ ಇರುತ್ತದೆ. ಪಿಎಚ್.ಡಿ.ಯವರಿಗೆ ಸಂಶೋಧನೆ ಮತ್ತು ಪ್ರಕಟಣೆಯ ನೀತಿಯ ಬಗ್ಗೆ ಎರಡು ಕ್ರೆಡಿಟ್‌ನ ಕೋರ್ಸನ್ನೂ ಯುಜಿಸಿ ಕಡ್ಡಾಯ ಮಾಡಿದೆಯಲ್ಲ.

ಆದರೆ ಆ ಕೋರ್ಸಿನಲ್ಲಿ ಬಹುಶಃ ಹೇಳದ ಒಂದು ಮಾತಿದೆ. ನಿಮ್ಮ ಪ್ರಬಂಧವನ್ನು ಟೈಪ್ ಮಾಡಿದ್ದು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಾ, ಯುನಿಕೋಡ್‌ನಲ್ಲಾ? ಹಳೆಯ ಫಾಂಟಿನಲ್ಲಾದರೆ ನಮ್ಮ ಕಣ್ಣಿಗೆ ಕನ್ನಡ, ಯಂತ್ರದ ಕಣ್ಣಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯಾವುದಕ್ಕೂ ಹೋಲುವುದಿಲ್ಲ. ಶೇ 2 ಬರದೆ ಇನ್ನೇನು ಬರುತ್ತದೆ? ಯುನಿಕೋಡ್‌ನಲ್ಲೇ ಇದ್ದರೂ, 1970ರಲ್ಲಿ ಅಚ್ಚಾಗಿ ಕಪಾಟಿನಲ್ಲೇ ಉಳಿದ ಪುಸ್ತಕ ಯಂತ್ರದ ಹತ್ತಿರ ಇಲ್ಲ. ಅದರಿಂದ ಹತ್ತು ಪುಟ ಎತ್ತಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಆ ಪುಸ್ತಕ ಓದಿದ ಪರೀಕ್ಷಕರಿಗೆ ಗೊತ್ತಾಗುತ್ತದೆ. ಹಾಗಾಗಿ ನಿಶ್ಚಿಂತೆ ಎಂದು ಹೇಳಲು ನನ್ನಿಂದಾಗದು. ಎಲ್ಲಿಂದ ತಂದಿರಿ ಎಂದು ನಿಮಗೆ ಗೊತ್ತು. ಅಲ್ಲೆಲ್ಲ ಅಡಿಟಿಪ್ಪಣಿ ಹಾಕಿದ್ದರೆ ಶೇ 12 ಬಂದರೂ ಧೈರ್ಯವಾಗಿ ಗೈಡ್ ಎದುರು ಕೂತು ಲೆಕ್ಕ ಕೊಡಬಹುದು.

ಹೆಸರು, ಊರು ಬೇಡ ಎಂದಿದ್ದು ಯಾಕೆ ಎಂದು ನಾನು ಕೇಳುವುದಿಲ್ಲ.

ಮೇಡಂ, ನಾನೂ ಗ್ರಂಥಪಾಲಕ. ವರ್ಷಕ್ಕೊಮ್ಮೆ ಅಡ್ಮಿಷನ್ ಆದ ವಾರ ಓರಿಯೆಂಟೇಷನ್ ಮಾಡುತ್ತೇನೆ. 200 ಹುಡುಗರು ಬಂದು, ಫ್ಯಾನ್ ಕೆಳಗೆ ಕೂತು, ಕಾರ್ಡ್ ತಗೊಂಡು ಹೋಗುತ್ತಾರೆ. ಇದರಿಂದ ಏನಾದರೂ ಉಪಯೋಗ ಇದೆಯಾ?
– ಶಿರಸಿ

ಇದೆ, ಫ್ಯಾನಿನ ಗಾಳಿ ಸಿಗುತ್ತದೆ. ಹಸಿವಾಗದವನಿಗೆ ಊಟ ಬಡಿಸಿದ ಹಾಗೆ ಅದು. ಆ ವಾರ ಅವರಿಗೆ ಯಾವ ಪ್ರಶ್ನೆಯೂ ಇರುವುದಿಲ್ಲ. ನಾನು ಇಪ್ಪತ್ತು ವರ್ಷ ಅದನ್ನೇ ಮಾಡಿದೆ. ಆಮೇಲೆ ಅರ್ಥಶಾಸ್ತ್ರದ ಒಬ್ಬ ಮೇಷ್ಟ್ರ ಜೊತೆ ಸೇರಿ ದಾರಿ ಬದಲಿಸಿದೆ. ಅವರು ಅಸೈನ್‌ಮೆಂಟ್ ಕೊಟ್ಟ ಮರುದಿನ ಆ ತರಗತಿ ಲೈಬ್ರರಿಯಲ್ಲೇ. 40 ಹುಡುಗರು, ಪ್ರತಿಯೊಬ್ಬನ ಕೈಯಲ್ಲೂ ಒಂದು ವಿಷಯ. ಸಾಗರ ತಾಲ್ಲೂಕಿನ ಅಡಿಕೆ ಬೆಳೆಯ ವಿಸ್ತೀರ್ಣ ಎಷ್ಟು ಎಂದು ಹುಡುಕುವಾಗ ಜಿಲ್ಲಾ ಅಂಕಿಅಂಶಗಳ ಪುಸ್ತಕ ಯಾವುದು, ಕೃಷಿ ಗಣತಿ ಎಲ್ಲಿದೆ, ಎರಡರಲ್ಲಿ ಬೇರೆ ಬೇರೆ ಅಂಕಿ ಇದ್ದರೆ ಯಾವುದನ್ನು ತೆಗೆದುಕೊಳ್ಳುವುದು ಎಂದು ಅವರೇ ಕೇಳತೊಡಗಿದರು. ಆ ಒಂದು ಗಂಟೆಯಲ್ಲಿ ಆದದ್ದು ಇಪ್ಪತ್ತು ವರ್ಷದ ಓರಿಯೆಂಟೇಷನ್‌ನಲ್ಲಿ ಆಗಿರಲಿಲ್ಲ.

ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರ ನಾವಿಬ್ಬರೂ ಉರು ಹೊಡೆದು ಪಾಸಾದವರೇ. 1931ರಲ್ಲೇ ಅವರು ಓದುಗನ ಸಮಯ ಉಳಿಸು ಎಂದಿದ್ದರು. ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಅಲ್ಲಿ ಒಂದು ತರಬೇತಿ ಕೇಂದ್ರ ಕಟ್ಟಿದರು. ಅಷ್ಟು ಹತ್ತಿರ ಇದ್ದೂ ನಾವು 200 ಹುಡುಗರ ಸಮಯವನ್ನು ಒಟ್ಟಿಗೆ ಹಾಳು ಮಾಡುತ್ತೇವೆ ನೋಡಿ. ಒಬ್ಬ ಮೇಷ್ಟ್ರನ್ನು ಹಿಡಿಯಿರಿ. ಒಬ್ಬರು ಸಾಕು. ಎಲ್ಲ ವಿಭಾಗಕ್ಕೂ ಸುತ್ತೋಲೆ ಕಳಿಸಿದರೆ ಸಹಿ ಮಾತ್ರ ವಾಪಸ್ ಬರುತ್ತದೆ.

ಇದನ್ನು ಸರ್ಕಾರದ ಮಟ್ಟದಲ್ಲಿ ಎಲ್ಲಾದರೂ ಮಾಡಿದ್ದಾರಾ?
– ಎಸ್‌ಡಿಎಂಸಿ ಸದಸ್ಯ, ಪುತ್ತೂರು

ನಿಮ್ಮ ಊರಿಂದ ದೂರವೇನಿಲ್ಲ. ಕೇರಳದ ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲಿ ‘ಸತ್ಯಮೇವ ಜಯತೇ’ ಎಂಬ ಹೆಸರಿನಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಇಂಥ ತರಗತಿ ನಡೆಸಿದರು. ದಡಾರ-ರುಬೆಲ್ಲಾ ಲಸಿಕೆಯ ಬಗ್ಗೆ ವಾಟ್ಸಾಪಿನಲ್ಲಿ ಬಂದ ಸುಳ್ಳು ನಂಬಿ ಪೋಷಕರು ಮಕ್ಕಳಿಗೆ ಲಸಿಕೆ ಹಾಕಿಸಲು ಹಿಂಜರಿದಿದ್ದರು. ಅದೂ ಒಂದು ಕಾರಣ. ಫಿನ್‌ಲೆಂಡಿನಲ್ಲಿ 2016ರಿಂದ ಜಾರಿಯಾದ ಪಠ್ಯಕ್ರಮದಲ್ಲಿ ಇದಕ್ಕೆ ಬೇರೆ ಪುಸ್ತಕ ಇಡದೆ ಎಲ್ಲ ವಿಷಯದೊಳಗೂ ಬೆರೆಸಿದ್ದಾರೆ. ನನಗೆ ಆ ದಾರಿ ಇಷ್ಟ. ಬೇರೆ ಪುಸ್ತಕ ಬಂತೆಂದರೆ ಗೈಡ್ ಬರುತ್ತದೆ, ಗೈಡ್ ಬಂತೆಂದರೆ ಒಂದು ಅಂಕದ ಪ್ರಶ್ನೆ ಬರುತ್ತದೆ. ಆಮೇಲೆ ಮುಗಿಯಿತು.

ನಾನು ನಿವೃತ್ತ ಮೇಷ್ಟ್ರು, ವಯಸ್ಸು 74. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಏನು ಹಾಕಿದರೂ ಎಂಟನೇ ಕ್ಲಾಸಿನ ಮೊಮ್ಮಗ ‘ಅಜ್ಜ, ಇದು ಫೇಕ್’ ಎಂದು ಎಲ್ಲರೆದುರು ಹಾಕುತ್ತಾನೆ. 36 ವರ್ಷ ಪಾಠ ಹೇಳಿದವನು ನಾನು. ಶಾಲೆಯಲ್ಲಿ ಇದನ್ನೇನಾ ಕಲಿಸುವುದು? (ಜೊತೆಗೆ ಒಂದು ವಿಡಿಯೊ ಕಳಿಸಿದ್ದೇನೆ. ಜೋಗ ತುಂಬಿದೆಯಂತೆ. ಭಾನುವಾರ ಕಾರು ಮಾಡಿಕೊಂಡು ಬರೋಣ ಎಂದಿದ್ದೇವೆ.)
– ರಾಜಾಜಿನಗರ, ಬೆಂಗಳೂರು

ಮೇಷ್ಟ್ರೆ, ನಿಮ್ಮ ಬೇಜಾರು ನನಗೆ ಗೊತ್ತು. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠ ಎಂದು ಘೋಷಿಸಿದೆ ಎಂದು ಲೈಬ್ರರಿಯ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದವಳು ನಾನು. ಬಿ.ಕಾಂ. ಹುಡುಗಿಯೊಬ್ಬಳು ಬಂದು, ‘ಮೇಡಂ, ಯಾವ ವರ್ಷ? ಕ್ವಿಜ್‌ಗೆ ಬೇಕು’ ಎಂದಳು. ವರ್ಷ ಹುಡುಕಲು ಹೋದೆ. ಯುನೆಸ್ಕೊ ಅಂಥದ್ದೇನನ್ನೂ ಘೋಷಿಸಿಯೇ ಇರಲಿಲ್ಲ. ಎರಡು ದಿನ ಆ ಹುಡುಗಿಯ ಮುಖ ನೋಡಲಾಗಲಿಲ್ಲ. ಮೂರನೇ ದಿನ ಅದೇ ಬೋರ್ಡಿನಲ್ಲಿ ‘ಮೊನ್ನೆ ಬರೆದದ್ದು ಸುಳ್ಳು’ ಎಂದು ಬರೆದು ಸಹಿ ಹಾಕಿದೆ. ಆ ಸಾಲನ್ನು ಓದಿದಷ್ಟು ಜನ ನನ್ನ ಬೋರ್ಡಿನಲ್ಲಿ ಬೇರೇನನ್ನೂ ಓದಿಲ್ಲ.

ಮೊಮ್ಮಗ ಹೇಳುವ ರೀತಿ ಸರಿಯಿಲ್ಲ, ಒಪ್ಪಿದೆ. ಮಕ್ಕಳಿಗೆ ‘ಫೇಕ್’ ಎನ್ನಲು ಕಲಿಸಿದ್ದೇವೆ, ‘ಅಜ್ಜ, ಇದು ಎಲ್ಲಿಂದ ಬಂತು, ಒಟ್ಟಿಗೆ ನೋಡೋಣ್ವಾ’ ಎನ್ನಲು ಕಲಿಸಿಲ್ಲ. ಅವನಿಗೆ ಖಾಸಗಿಯಾಗಿ ಹೇಳು ಎನ್ನಿ. ನೀವೂ ಗುಂಪಿಗೆ ಹಾಕುವ ಮೊದಲು ಅವನಿಗೊಬ್ಬನಿಗೇ ಕಳಿಸಿ.

ಆದರೆ ಅವನ ಚಡಪಡಿಕೆ ಸುಮ್ನೆ ಅಲ್ಲ. 2012ರ ಆಗಸ್ಟ್‌ನಲ್ಲಿ ನಾನು ಬೆಂಗಳೂರಿನ ರೈಲು ನಿಲ್ದಾಣದಲ್ಲಿದ್ದೆ, ಶಿವಮೊಗ್ಗದ ರೈಲಿಗೆ. ಪ್ಲಾಟ್‌ಫಾರಂ ತುಂಬ ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರು. ಹಲ್ಲೆ ಆಗುತ್ತದೆ ಎಂದು ಎಸ್‌ಎಂಎಸ್ ಬಂದಿತ್ತು. ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ನನ್ನ ಪಕ್ಕ ಕೂತಿದ್ದ ಹುಡುಗಿ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುತ್ತಿದ್ದಳಂತೆ. ‘ಯಾರು ಕಳಿಸಿದ್ದು?’ ಎಂದು ಕೇಳಿದೆ. ‘ಗೊತ್ತಿಲ್ಲ ಆಂಟಿ, ಎಲ್ಲರಿಗೂ ಬಂದಿದೆ’ ಎಂದಳು. ಆಮೇಲೆ ಸರ್ಕಾರ 15 ದಿನ ಒಟ್ಟೊಟ್ಟಿಗೆ ಎಸ್‌ಎಂಎಸ್ ಕಳಿಸುವುದನ್ನೇ ನಿಲ್ಲಿಸಿತು, ಒಂದು ಸಲಕ್ಕೆ ಐದೇ ಎಂದಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರು ಎಂದುಕೊಂಡು ಜನ ಬಡಿದರು. ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕ ಸತ್ತ. ಅದಕ್ಕೂ ವಾಟ್ಸಾಪ್ ಸುದ್ದಿಯೇ ಬೆಂಕಿ ಹಚ್ಚಿತ್ತು. ಅದೇ ತಿಂಗಳು ವಾಟ್ಸಾಪಿನವರು ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆ ಮಾತ್ರ ಫಾರ್ವರ್ಡ್ ಎಂದು ಮಿತಿ ಹಾಕಿದ್ದು. ಈ ಎರಡನ್ನೂ ಮೊಮ್ಮಗನಿಗೆ ನೀವೇ ಹೇಳಿ. ಅವನಿಗೆ ಗೊತ್ತಿರುವುದಿಲ್ಲ, ಅವನು ಆಗ ಕೂಸು.

ಇನ್ನು ವಿಡಿಯೊ. ಅದರಲ್ಲಿ ಕೊಡೆ ಹಿಡಿದು ನಿಂತ ಕೆಂಪು ಸ್ವೆಟರಿನವರನ್ನು ನಾನು ಹೋದ ವರ್ಷವೂ ನೋಡಿದ್ದೇನೆ, ಅದರ ಹಿಂದಿನ ವರ್ಷವೂ ನೋಡಿದ್ದೇನೆ. ಈ ಉತ್ತರ ಬರೆಯುವ ದಿನದ ಪೇಪರಿನಲ್ಲಿ ಲಿಂಗನಮಕ್ಕಿಯ ನೀರು 1,768 ಅಡಿ. ಈ ಭಾನುವಾರ ಬರಬೇಡಿ ಮೇಷ್ಟ್ರೆ. ಗೇಟು ತೆರೆದ ದಿನ ನಾನೇ ಫೋನ್ ಮಾಡುತ್ತೇನೆ, ಮೊಮ್ಮಗನನ್ನೂ ಕರೆದುಕೊಂಡು ಬನ್ನಿ.